ಮೇಸ್ತ್ರಿ ಮತ್ತು ಆರು ಬೆಣೆಗಳು

ಸೆಪ್ಟೆಂಬರ್ 4, ಗುರುವಾರ

ನಾಯಿ ಬಂತು. ನನ್ನ ತಮ್ಮ ಮರ ಕೊಯ್ಯುವ ಸಾಮಿಲ್ಲಿನ ಲಾರಿಯಲ್ಲಿ, ಡ್ರೈವರನ ಪಕ್ಕದ ಸೀಟಿನಲ್ಲಿ, ಬೀಗರ ಮನೆಗೆ ಹೊರಟ ಹಿರಿಯರ ಗತ್ತಿನಲ್ಲಿ ಕಿಟಕಿಯಾಚೆ ನೋಡುತ್ತ ಬಂತು.

ಇಷ್ಟು ದೊಡ್ಡದೆಂದು ತಮ್ಮ ಹೇಳಿರಲಿಲ್ಲ. ಹಿಂಗಾಲ ಮೇಲೆ ಎದ್ದರೆ ಮುಂಗಾಲು ನನ್ನ ಭುಜ ಮುಟ್ಟುತ್ತದೆ. ಕಂದು ಮೈ, ಕಪ್ಪು ಮೂತಿ, ಎರಡು ವರ್ಷ. ಹೆಸರು ಮೇಸ್ತ್ರಿ. ಅದೆಂಥ ಹೆಸರು ಎಂದರೆ ಡ್ರೈವರ್, "ಕೆಲಸ ಮಾಡೋರ ಹಿಂದೆ ಸದಾ ನಿಂತಿರ್ತಾನಲ್ಲ ಅಕ್ಕಾ, ಅದಕ್ಕೆ" ಅಂದ.

ತಮ್ಮನ ಕಾಲಿನ ಮೇಲೆ ಮರದ ದಿಮ್ಮಿ ಉರುಳಿ ಇವತ್ತಿಗೆ ಐದು ದಿನ. ಎರಡು ತಿಂಗಳು ಆಸ್ಪತ್ರೆ ಅಂದಿದ್ದಾರೆ. ಇಲ್ಲಿಂದ ಆರು ಗಂಟೆಯ ದಾರಿ. ಅವನ ಹೆಂಡತಿ ಜೊತೆಗಿದ್ದಾಳೆ. ನಾನು ಭಾನುವಾರ ಹೋಗಿ ಮಂಗಳವಾರ ಬಂದೆ. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದವನು ಕೇಳಿದ್ದು ಒಂದೇ: "ಮೇಸ್ತ್ರೀನ ಇಟ್ಕೋತೀಯಾ ಅಕ್ಕಾ?"

ಹೂಂ ಅಂದೆ. ನನಗೆ ಬೇರೇನು ಕೆಲಸ? ಜೂನ್‌ನಲ್ಲಿ ಕಾಲೇಜಿನವರು ನಮ್ಮ ವಿಭಾಗವನ್ನೇ ಮುಚ್ಚಿದರು. ಸಾಹಿತ್ಯಕ್ಕೆ ಯಾರೂ ಸೇರುತ್ತಿಲ್ಲವಂತೆ. ಇಪ್ಪತ್ತೆರಡು ವರ್ಷ ಕಾವ್ಯ ಪಾಠ ಮಾಡಿದವಳಿಗೆ ಹನ್ನೊಂದು ಪೆಟ್ಟಿಗೆ ಪುಸ್ತಕ, ಚಕ್ರಗಳಿರುವ ಒಂದು ಹಳೆಯ ಪುಸ್ತಕದ ಗಾಡಿ ಕೊಟ್ಟು ಕಳಿಸಿದರು. ಎಲ್ಲವೂ ಜಗಲಿಯ ಮೇಲೆ ಬೆಡ್‌ಶೀಟ್ ಹೊದ್ದು ಕೂತಿವೆ. ಬಿಚ್ಚಿಲ್ಲ.

ಡ್ರೈವರ್ ಹೊರಡುವಾಗ ತಲೆ ಹೊರಗೆ ಹಾಕಿ, "ಏನೇ ಆಗ್ಲಿ, ಇವನನ್ನ ಮಿಲ್ಲಿಗೆ ಮಾತ್ರ ವಾಪಸ್ ಕಳಿಸ್ಬೇಡಿ ಅಕ್ಕಾ" ಅಂದ.

"ಯಾಕಪ್ಪಾ?"

"ಅಣ್ಣನ್ನೇ ಕೇಳಿ." ನನ್ನ ತಮ್ಮ ಅವನಿಗೆ ಅಣ್ಣ. ಅಷ್ಟಂದು ಗೇರ್ ಹಾಕಿದ.

ಸೆಪ್ಟೆಂಬರ್ 5, ಶುಕ್ರವಾರ

ನಲ್ಲಿಯ ಪೈಪು ಮೂರು ತುಂಡು.

ಪೆನ್ಸಿಲಿನ ಹಿಂತುದಿ ನಜ್ಜುಗುಜ್ಜು. ಇದು ನಾಯಿಯದಲ್ಲ, ನನ್ನದೇ.

ಸೆಪ್ಟೆಂಬರ್ 8, ಸೋಮವಾರ

ಈವರೆಗೆ ಹೋದವು: ಪೈಪು, ಬಟ್ಟೆ ಒಣಹಾಕುವ ಹಗ್ಗದ ತುದಿ, ಬಕೆಟ್ಟಿನ ಹಿಡಿ, ಸ್ಕೂಟರಿನ ಸೀಟು (ಒಳಗಿನ ಸ್ಪಂಜು ಅಂಗಳದ ತುಂಬ, ಹತ್ತಿಯ ಗಿಡ ಬಿರಿದ ಹಾಗೆ), ಕಾಲೊರಸು, ಮತ್ತೆ ಗೇಟಿನ ಕೆಳಪಟ್ಟಿಯಲ್ಲಿ ಒಂದು ಗೇಣು. ತಿನ್ನುವುದಿಲ್ಲ. ಅಗಿಯುತ್ತದೆ, ಅಷ್ಟೆ. ಎರಡು ಮುಂಗಾಲ ನಡುವೆ ಇಟ್ಟುಕೊಂಡು, ಕಣ್ಣು ಅರೆಮುಚ್ಚಿ, ಗಂಟೆಗಟ್ಟಲೆ.

ಕಟ್ಟಿಹಾಕಿದೆ, ಕಟ್ಟಿದ ಹಗ್ಗವನ್ನೇ ಅಗಿಯಿತು. ಗೇಟಿಗೆ ವಿನಿಗರ್ ಸವರಿದೆ. ಮೂಸಿತು, ಎರಡು ಸಲ ಸೀನಿತು, ಮುಂದುವರಿಸಿತು. ಗದರಿದರೆ ಬಾಲವಾಡಿಸುತ್ತದೆ. ಬಕೆಟ್ಟಿನ ಹಿಡಿ ಬಿಡಿಸಿಕೊಳ್ಳಲು ಹೋದಾಗ ಕಚ್ಚಿಕೊಂಡು ಓಡಿತು, ಹಿಂದೆ ನಾನು. ಅಂಗಳದ ಮರದ ಸುತ್ತ ಏಳು ಸುತ್ತು. ಮೇಲಿನಿಂದ ದನಿ ಬಂತು: "ಯಾರು ಯಾರನ್ನ ಸಾಕಿರೋದು ಅಂತ ಇಲ್ಲಿಂದ ಗೊತ್ತಾಗ್ತಿಲ್ಲಮ್ಮಾ."

ಮೇಲ್ಮನೆಯಾಕೆ. ಮನೆಯ ಒಡತಿ. ಗಣಿತದ ಟೀಚರ್ ಆಗಿ ನಿವೃತ್ತರಾದವರು, ಅರವತ್ತೆಂಟು. ಒಬ್ಬರೇ. ಆರು ವರ್ಷದಿಂದ ಅವರ ಕೆಳಗೆ ಬಾಡಿಗೆಗಿದ್ದೇನೆ, ಒಟ್ಟು ಮಾತಾಡಿದ್ದು ಆರು ಗಂಟೆ ಇದ್ದೀತು. ಒಂದು ಕಾಲು ಹುಟ್ಟಿನಿಂದ ಎರಡಂಗುಲ ಗಿಡ್ಡ. ಅಳತೆ ಕೊಟ್ಟು ಮಾಡಿಸಿದ, ಒಂದು ಅಟ್ಟೆ ದಪ್ಪಗಿರುವ ಶೂ ಹಾಕಿಕೊಂಡು ಟಕ್–ಟುಕ್ ಎಂದು ಹೊರಮೆಟ್ಟಿಲು ಇಳಿಯುತ್ತಾರೆ. ಆ ಸದ್ದು ಕೇಳಿದರೆ ಈಗ ಮೊದಲು ನಾಯಿ ಎಲ್ಲಿದೆ ಎಂದು ನೋಡುತ್ತೇನೆ.

ಸಂಜೆ ತಮ್ಮನ ಫೋನು. "ಹೇಗಿದ್ದಾನೆ ನಮ್ಮ ಸಾಹೇಬ?"

"ಚೆನ್ನಾಗಿದೆ. ಸುಮ್ನೆ ಮಲಗಿರುತ್ತೆ."

"ಮಲಗಿರ್ತಾನಾ?" ಎಂದು ಇನ್ನೊಮ್ಮೆ ಕೇಳಿದ.

ನನಗೂ ಒಂದು ಚುಚ್ಚುತ್ತಲೇ ಇದೆ. ಕಾಲು ಮುರಿದ ಆ ಶನಿವಾರ ಬೆಳಿಗ್ಗೆ ಅವನಿಗೆ ಫೋನು ಮಾಡಿದ್ದೆ. ಪೆಟ್ಟಿಗೆಗಳನ್ನು ಎಲ್ಲಿಡಲಿ, ನನ್ನನ್ನು ಎಲ್ಲಿಡಲಿ ಎಂಬ ಅದೇ ರಾಗ. ನಡುವೆ ಲೈನು ಕಟ್ಟಾಯಿತು. ಬೇಜಾರಾಗಿ ಇಟ್ಟುಬಿಟ್ಟ ಅಂದುಕೊಂಡು, ಮುನಿಸಿನಲ್ಲಿ ಸಂಜೆಯವರೆಗೂ ತಿರುಗಿ ಮಾಡಲಿಲ್ಲ. ಅಷ್ಟರಲ್ಲಿ, ಮಧ್ಯಾಹ್ನ ಊಟದ ಮೇಲೆ, ಹೀಗಾಗಿತ್ತು.

ಪುಸ್ತಕ ಹಿಡಿದೆ. ನಾಲ್ಕು ಸಾಲಿನಾಚೆ ಕಣ್ಣು ಹೋಗಲಿಲ್ಲ.

ಸೆಪ್ಟೆಂಬರ್ 11, ಗುರುವಾರ

ಸಿಕ್ಕಿತು! ಇವತ್ತು ಬೆಳಿಗ್ಗೆ ಹಾಳಾದವುಗಳ ಪಟ್ಟಿ ನೋಡುತ್ತ ಕೂತಿದ್ದಾಗ ಒಮ್ಮೆಲೇ ಹೊಳೆಯಿತು. ಪೈಪು: ತಮ್ಮ ತಂದುಹಾಕಿದ್ದು. ಹಗ್ಗ: ಹೋದ ಸಲ ಬಂದಾಗ ಅವನೇ ಬಿಗಿದು ಕಟ್ಟಿದ್ದು. ಸ್ಕೂಟರು ಅವನು ಓಡಿಸಿ ಬಿಟ್ಟದ್ದು, ಗೇಟಿಗೆ ಬಣ್ಣ ಬಳಿದವನೂ ಅವನೇ. ಈ ನಾಯಿ ಹಾಳು ಮಾಡುತ್ತಿಲ್ಲ, ಹುಡುಕುತ್ತಿದೆ. ಅವನ ಕೈ ತಾಗಿದ್ದನ್ನೆಲ್ಲ ಬಾಯಲ್ಲಿಟ್ಟುಕೊಂಡು ಅವನನ್ನು ನೆನೆಯುತ್ತಿದೆ. ವಿಪ್ರಲಂಭ! ಅಗಲಿಕೆಯ ಅವಸ್ಥೆಗಳನ್ನು ಇಪ್ಪತ್ತೆರಡು ವರ್ಷ ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದವಳಿಗೆ, ಕಣ್ಣೆದುರು ನಾಲ್ಕು ಕಾಲಲ್ಲಿ ನಿಂತಾಗ ಗುರುತು ಸಿಗಲಿಲ್ಲವಲ್ಲ.

ಮೂರು ತಿಂಗಳಲ್ಲಿ ಮೊದಲ ಸಲ ತಲೆ ಚುರುಕಾಗಿ ಓಡಿತು. ಗೇಟಿಗೆ ಬಣ್ಣ ಬಳಿದ ದಿನ ಅವನು ಬಿಟ್ಟುಹೋಗಿದ್ದ ಹಳೆಯ ಶೂ ಜಗಲಿಯ ಮೂಲೆಯಲ್ಲಿತ್ತು. ಒಂದನ್ನು ತಂದು ಅದರ ಮುಂದಿಟ್ಟೆ. ಮೂಸಿತು. ನಿಟ್ಟುಸಿರುಬಿಟ್ಟು ಅದರ ಮೇಲೆ ಗದ್ದ ಊರಿ ಮಲಗಿತು. ಮೆಟ್ಟಿಲ ಮೇಲೆ ಕೂತು ಬಾಯಿಗೆ ಬಂದ ನಾಲ್ಕು ಪದ್ಯ ಹೇಳಿದೆ. ಕಿವಿ ನಿಮಿರಿಸಿ ಕೇಳಿತು.

ಸೆಪ್ಟೆಂಬರ್ 13, ಶನಿವಾರ

ಶೂ ಮುಗಿಯಿತು. ಲೇಸು ಮಾತ್ರ ಉಳಿದಿದೆ. ಇನ್ನೊಂದನ್ನೂ ಕೊಟ್ಟೆ. ಮೂರು ದಿನದಿಂದ ಬೇರೇನೂ ಹಾಳಾಗಿಲ್ಲ.

ಸೆಪ್ಟೆಂಬರ್ 17, ಬುಧವಾರ

ಬರೆಯಲು ಕೈ ಬರುತ್ತಿಲ್ಲ.

ಮಧ್ಯಾಹ್ನ ಅಂಗಳದಲ್ಲಿ ನಾಯಿ ಕಾಣಲಿಲ್ಲ. ಹೊರಮೆಟ್ಟಿಲು ಹತ್ತಿ ನೋಡಿದರೆ ಮೇಲ್ಮನೆಯ ಬಾಗಿಲೆದುರು, ಎರಡು ಮುಂಗಾಲ ನಡುವೆ, ಅವರ ಶೂ. ಆ ದಪ್ಪ ಅಟ್ಟೆಯದೇ. ಪದರು ಪದರಾಗಿ ಬಿಚ್ಚಿದೆ. ನನ್ನನ್ನು ನೋಡಿ ಬಾಲವಾಡಿಸಿತು. ಮೊನ್ನೆ ನಾನೇ ಕೈಯಾರೆ ಕೊಟ್ಟು, ತಲೆ ನೇವರಿಸಿ, ಪದ್ಯ ಹೇಳಿದ್ದೆನಲ್ಲ. ಶೂ ಅಗಿಯುವುದು ಈ ಮನೆಯಲ್ಲಿ ಮೆಚ್ಚುಗೆಯ ಕೆಲಸ ಎಂದುಕೊಂಡಿದೆ.

ಬಾಗಿಲು ತೆರೆಯಿತು. ಚೌಕಟ್ಟು ಹಿಡಿದು ನಿಂತಿದ್ದರು, ಬರಿಗಾಲಲ್ಲಿ, ಒಂದು ಕಡೆಗೆ ವಾಲಿ. ಅವರನ್ನು ಹಾಗೆ ನಾನು ನೋಡಿರಲೇ ಇಲ್ಲ.

"ಬೈತೀನಿ ಅಂದ್ಕೊಂಡಿದ್ದೀರಾ? ಬೈಯೋದಿಲ್ಲ" ಅಂದರು. "ನನಗಿರೋದು ಒಂದೇ ಜೊತೆ. ಮಾಡಿಕೊಡೋ ಮುದುಕನೂ ಒಬ್ಬನೇ, ಒಂದು ತಿಂಗಳು ತಗೋತಾನೆ. ಅಲ್ಲೀವರೆಗೆ ನಾನು ಮೆಟ್ಟಿಲು ಇಳಿಯೋ ಹಾಗಿಲ್ಲ, ಅಷ್ಟೆ."

"ನಾನು ಮಾಡಿಸಿಕೊಡ್ತೀನಿ. ದಿನಾ ಹಾಲು, ತರಕಾರಿ, ಪೇಪರು…"

"ತಂದುಕೊಡಿ, ಬೇಡ ಅನ್ನಲ್ಲ. ಆದ್ರೆ ನನ್ನ ಹೊಸ ಶೂ ಬರೋ ದಿನ ಈ ನಾಯಿ ಅಂಗಳದಲ್ಲಿರಬಾರದು."

ಬಾಗಿಲು ಮೆಲ್ಲಗೆ ಹಾಕಿಕೊಂಡರು. ಧಡಾರೆಂದು ಹಾಕಿದ್ದರೆ ಎಷ್ಟೋ ವಾಸಿಯಿತ್ತು.

ಸೆಪ್ಟೆಂಬರ್ 18, ಗುರುವಾರ

ಪಶುವೈದ್ಯೆ ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು. ನಾಯಿಯ ಹಲ್ಲು, ವಸಡು, ಹೊಟ್ಟೆ ಎಲ್ಲ ನೋಡಿದಳು. ನಾನು ಅಗಲಿಕೆಯ ವಿಚಾರ ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು, ಪಾಪ.

"ಮೇಡಂ, ಇವನಿಗೆ ದುಃಖ ಇರಬಹುದು, ಇಲ್ಲ ಅನ್ನಲ್ಲ. ಆದ್ರೆ ಮುಖ್ಯ ತೊಂದರೆ ಕೆಲಸ ಇಲ್ಲದೆ ಇರೋದು. ನಲವತ್ತನಾಲ್ಕು ಕೆ.ಜಿ. ನಾಯಿ, ಇಡೀ ದಿನ ಅಂಗಳದಲ್ಲಿ ಕೂತು ಏನು ಮಾಡಬೇಕು? ಪೇಪರ್ ಓದ್ತಾನಾ?"

"ಆದ್ರೆ ಎಲ್ಲಾ ನನ್ನ ತಮ್ಮ ಮುಟ್ಟಿದ ವಸ್ತುಗಳೇ…"

"ನಿಮ್ಮನೇಲಿ ನಿಮ್ಮ ತಮ್ಮ ಮುಟ್ಟದೇ ಇರೋದು ಏನಿದೆ ಹೇಳಿ?"

ನಾಯಿಯ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ.

ಅವಳು ಹೇಳಿದ್ದು: ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಡೆಸಿ. ನೆಲದ ಮೇಲೆ ಏನನ್ನೂ ಬಿಡಬೇಡಿ. ಬಾಯಲ್ಲಿ ಏನಾದರೂ ಇದ್ದರೆ ಅಟ್ಟಿಸಿಕೊಂಡು ಹೋಗಬೇಡಿ ("ಅವನಿಗೆ ಆಟ, ನಿಮಗೆ ಉಬ್ಬಸ"). ಅದಕ್ಕಿಂತ ಒಳ್ಳೆಯದನ್ನು ತೋರಿಸಿ, ಬಿಟ್ಟಾಗ ಕೊಡಿ. ಅಗೆಯಲು ಒಂದು ಮೂಲೆಯಲ್ಲಿ ಮರಳು ಹಾಕಿ. ಅಗಿಯಲು ಗಟ್ಟಿ ರಬ್ಬರಿನದು ಕೊಡಿ. ಹಳೇ ಶೂ ಕೊಡಬೇಡಿ. "ಹಳೇದು ಹೊಸದು ಅಂತ ಅವನಿಗೇನು ಗೊತ್ತು? ಶೂ ಅಂದ್ರೆ ಶೂ."

ಮನೆಗೆ ಬರುವಾಗ ಅವಮಾನದಿಂದ ಮೈ ಉರಿಯುತ್ತಿತ್ತು. ಆದರೂ ಬರುವಾಗಲೇ ಮರಳಿನವನಿಗೆ ಹೇಳಿ ಬಂದೆ.

ಸೆಪ್ಟೆಂಬರ್ 20, ಶನಿವಾರ

ಬೆಳಿಗ್ಗೆ ಮೇಲ್ಮನೆ ಟೀಚರಿಗೆ ಹಾಲು ಕೊಟ್ಟು ಬಂದೆ. ಬಾಗಿಲು ಒಂದು ಗೇಣು ತೆರೆದರು, ತಗೊಂಡರು, ಮುಚ್ಚಿದರು.

ಡ್ರೈವರನಿಗೆ ಫೋನು ಮಾಡಿದೆ. ಬೇರೆ ಎಲ್ಲಾದರೂ ಜಾಗ ಇದೆಯಾ ಅಂತ.

"ಕಲ್ಲಿನ ಕ್ವಾರಿಯೋರು ಕೇಳ್ತಾ ಇದ್ದಾರೆ ಅಕ್ಕಾ, ಕಾವಲಿಗೆ. ಕಬ್ಬಿಣದ ಸರಪಳಿ, ಬಿಡೋದಿಲ್ಲ. ಅಗಿಯೋ ಪ್ರಶ್ನೆನೇ ಇಲ್ಲ."

"ಯಾವಾಗಲೂ ಸರಪಳೀಲೇನಾ?"

"ಕಾವಲು ಅಂದ್ಮೇಲೆ ಹಾಗೇ ಅಲ್ವಾ?" ಆಮೇಲೆ ದನಿ ತಗ್ಗಿಸಿದ. "ಅಣ್ಣ ಹೇಳಿಲ್ವಾ ನಿಮಗೆ? ದಿಮ್ಮಿ ಉರುಳದ ಹಾಗೆ ಕೆಳಗೆ ಬೆಣೆ ಇಟ್ಟಿರ್ತೀವಲ್ಲ, ಮರದ ಚೂಪು ತುಂಡು. ಇವನಿಗೆ ಬೆಣೆ ಎತ್ಕೊಂಡು ಓಡಾಡೋ ಚಟ. ಆವತ್ತು ಇವನೇ ಎಳೆದದ್ದು ಅಂತ ಮಿಲ್ಲಲ್ಲೆಲ್ಲ ಮಾತು. ಓನರ್ ಹೊಡೆದು ಓಡ್ಸಿ ಅಂದಿದ್ರು. ಅಣ್ಣ ಬೇಡಿಕೊಂಡಿದ್ದಕ್ಕೆ ನಿಮ್ಮಲ್ಲಿಗೆ ತಂದೆ."

ಸಂಜೆ ನಾಯಿಯನ್ನು ನಡೆಸಲಿಲ್ಲ. ಅನ್ನ ಹಾಕಿ ಒಳಗೆ ಬಂದೆ. ಮುಖ ನೋಡಲು ಮನಸ್ಸಾಗಲಿಲ್ಲ.

ಸೆಪ್ಟೆಂಬರ್ 22, ಸೋಮವಾರ

ತಮ್ಮನನ್ನು ಕೇಳಬೇಕೆಂದಿದ್ದೆ. ಸುತ್ತಿ ಬಳಸಿ, "ಅಲ್ಲಿ ದಿನವೆಲ್ಲ ಏನು ಮಾಡ್ತಿತ್ತು ಇದು?" ಅಂದೆ.

"ಬೆಣೆ ಕಾಯೋನು ಅಕ್ಕಾ." ದನಿಯಲ್ಲಿ ಒಮ್ಮೆಲೇ ಜೀವ ಬಂತು. "ದಿಮ್ಮಿ ಗರಗಸಕ್ಕೆ ಹೋದ್ಮೇಲೆ ಬೆಣೆಗಳು ನೆಲದ ಮೇಲೆ ಬಿದ್ದಿರ್ತಾವಲ್ಲ, ಒಂದೊಂದೇ ಆರಿಸಿ ತಂದು ನನ್ನ ಕಾಲ ಹತ್ರ ಇಡ್ತಿದ್ದ. ಯಾರೂ ಕಲಿಸಿಲ್ಲ. ದಿನಕ್ಕೆ ಐವತ್ತು ಸಲ. ಊಟದ ಬಿಡುವಲ್ಲಿ ಮಾತ್ರ ಅವನಿಗೂ ಬಿಡುವು." ನಕ್ಕ. ಆಮೇಲೆ, "ಅವನನ್ನ ಬಿಡಬೇಡ ಅಕ್ಕಾ" ಅಂದ, ಸಂಬಂಧವೇ ಇಲ್ಲದ ಹಾಗೆ.

ಸೆಪ್ಟೆಂಬರ್ 24, ಬುಧವಾರ

ಹಿಂದಿನ ರಸ್ತೆಯ ಬಡಗಿಯ ಅಂಗಡಿಗೆ ಹೋದೆ. ಮರದ ತುಂಡು ಬೇಕು ಅಂದೆ.

"ಸೌದೆಗಾ?"

"ನಾಯಿಗೆ."

ತಲೆಯಿಂದ ಕಾಲಿನವರೆಗೆ ನೋಡಿದ. ಸಿಬಿರು ಏಳಬಾರದು, ಪಾಲಿಶ್ ಇರಬಾರದು, ಒಂದು ಕಡೆ ದಪ್ಪ ಒಂದು ಕಡೆ ಚೂಪು ಅಂದೆ. "ಬೆಣೆ ಅನ್ನಿ" ಅಂದ. "ನಾಯಿಗೆ ಬೆಣೆ. ಬರ್ತಾ ಬರ್ತಾ ಬೆಕ್ಕಿಗೆ ಉಳಿ ಕೇಳ್ತಾರೆ." ಆದರೂ ಗಟ್ಟಿ ಮರದಲ್ಲಿ ಆರು ಕೊಯ್ದು, ಅಂಚುಗಳನ್ನೆಲ್ಲ ಉಜ್ಜಿ ನುಣುಪು ಮಾಡಿ ಕೊಟ್ಟ. ಇವು ನಾಯಿಗೆ ಅಗಿಯುವುದಕ್ಕಲ್ಲ, ಹೊರುವುದಕ್ಕೆ ಎಂದು ಅವನಿಗೆ ಹೇಳಲು ಹೋಗಿ ಸುಮ್ಮನಾದೆ, ನನಗೇ ಖಾತ್ರಿಯಿಲ್ಲ.

ದಾರಿಯುದ್ದಕ್ಕೂ ಒಂದೇ ಯೋಚನೆ. ತಮ್ಮನ ಕಾಲು ಮುರಿದದ್ದನ್ನೇ ತಂದು ಅದರ ಬಾಯಿಗೆ ಕೊಡುತ್ತಿದ್ದೇನಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಆರು ಬೆಣೆ ಅಂಗಳದಲ್ಲಿ ಹರಡಿದೆ. ಒಂದನ್ನು ಎತ್ತಿಕೊಂಡಿತು, ಅತ್ತ ನೋಡಿತು, ಇತ್ತ ನೋಡಿತು, ಯಾರಿಗೆ ಕೊಡುವುದೆಂದು ತಿಳಿಯದೆ ಕೂತು ಅಗಿಯತೊಡಗಿತು. ರಬ್ಬರಿನದು ತೋರಿಸಿ ಬಿಡಿಸಿಕೊಂಡೆ.

ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಪೆನ್ಸಿಲಿನ ಒಳಗಿನ ಸೀಸ ಕಾಣಿಸುತ್ತಿದೆ.

ಸೆಪ್ಟೆಂಬರ್ 27, ಶನಿವಾರ

ಮೊದಲಿನಿಂದ ಬರೆಯುತ್ತೇನೆ, ಒಂದೂ ಬಿಡದೆ.

ಮೋಡ ಕಟ್ಟಿತ್ತು. ಜಗಲಿಗೆ ಇರಚಲು ಹೊಡೆದೀತೆಂದು ಪುಸ್ತಕದ ಪೆಟ್ಟಿಗೆಗಳನ್ನು ಒಳಗೆ ಸಾಗಿಸಲು ಹೊರಟೆ. ಎತ್ತಲಾಗಲಿಲ್ಲ. ಒಂದು ಪೆಟ್ಟಿಗೆ ಒಡೆದು ಪುಸ್ತಕಗಳನ್ನು ಆ ಚಕ್ರದ ಗಾಡಿಗೆ ಜೋಡಿಸಿದೆ. ನಮ್ಮ ಜಗಲಿ ಅಂಗಳದ ಕಡೆಗೆ ಇಳಿಜಾರು. ತುಂಬಿದ ಗಾಡಿ ತಾನಾಗಿ ಹೊರಟಿತು. ಕೈಗೆ ಸಿಕ್ಕಿದ ಬೆಣೆಯನ್ನು ಚಕ್ರದ ಕೆಳಗೆ ಕೊಟ್ಟು ನಿಲ್ಲಿಸಿದೆ. ಅಷ್ಟರಲ್ಲಿ ಮೇಲಿನಿಂದ ಕರೆ, ಗ್ಯಾಸ್ ಮುಗಿದಿದೆ ಅಂತ. ಹೋದೆ. ಸಿಲಿಂಡರ್ ಬದಲಿಸಿ, ಅದರ ವಾಷರ್ ಹುಡುಕಿ, ಒಂದು ಗಂಟೆಯೇ ಆಯಿತು. ಮೆಟ್ಟಿಲು ಇಳಿಯುತ್ತಿದ್ದ ಹಾಗೆ ನೆನಪಾಯಿತು: ಗಾಡಿ, ಬೆಣೆ, ನಾಯಿ.

ಓಡಿ ಬಂದೆ. ನಾಯಿ ಗಾಡಿಯ ಮುಂದೆಯೇ ಕೂತಿತ್ತು. ಮೂಗು ಬೆಣೆಯಿಂದ ಒಂದು ಅಂಗುಲ ದೂರ. ಮುಟ್ಟಿಲ್ಲ. ಬೆಣೆಯನ್ನು ನೋಡುತ್ತದೆ, ಗಾಡಿಯನ್ನು ನೋಡುತ್ತದೆ, ನನ್ನನ್ನು ನೋಡುತ್ತದೆ. ತುಟಿಯಂಚಿಂದ ಜೊಲ್ಲಿನ ದಾರ ನೆಲ ಮುಟ್ಟಿದೆ.

ಗಾಡಿಯನ್ನು ಹಿಂದಕ್ಕೆ ಜಗ್ಗಿ ಹೊಸ್ತಿಲು ದಾಟಿಸಿದೆ. ಬೆಣೆ ಒಂಟಿಯಾಗಿ ನೆಲದ ಮೇಲೆ ಉಳಿಯಿತು. ಆಗ ಮೇಸ್ತ್ರಿ ಎದ್ದ. ಅದನ್ನು ಮೆಲ್ಲಗೆ ಬಾಯಲ್ಲಿ ಎತ್ತಿಕೊಂಡು ಬಂದು ನನ್ನ ಕಾಲ ಬಳಿ ಇಟ್ಟ. ಹಲ್ಲಿನ ಗುರುತೇ ಇಲ್ಲ.

ಭಾರವಿರುವ ತನಕ ಮುಟ್ಟುವುದಿಲ್ಲ. ಭಾರ ಇಳಿದ ಮೇಲೆಯೇ ಅವನ ಕೆಲಸ.

ಸೆಪ್ಟೆಂಬರ್ 28, ಭಾನುವಾರ

ಸ್ಕೂಟರಿನ ಚಕ್ರದ ಕೆಳಗೆ, ನೀರಿನ ಡ್ರಮ್ಮಿನ ಕೆಳಗೆ, ಮತ್ತೆ ಗಾಡಿಯ ಕೆಳಗೆ. ಬೆಳಿಗ್ಗೆಯಿಂದ ಇಪ್ಪತ್ತು ಸಲ ಇಟ್ಟು ನೋಡಿದೆ. ಮರೆಯಲ್ಲಿ ನಿಂತೂ ನೋಡಿದೆ. ಒಂದು ಸಲವೂ ಎಳೆಯಲಿಲ್ಲ. ಭಾರ ಸರಿಸಿದ ಕ್ಷಣ ಎತ್ತಿ ತಂದ.

ಟೀಚರ್ ಮೇಲಿನ ಕಟ್ಟೆಗೆ ಒರಗಿ ಎಲ್ಲ ನೋಡಿದ್ದಾರೆ. "ಇಪ್ಪತ್ತಕ್ಕೆ ಇಪ್ಪತ್ತು" ಅಂದರು.

ಇಪ್ಪತ್ತಕ್ಕೆ ಇಪ್ಪತ್ತಾದರೆ ಆವತ್ತು ಬೆಣೆ ಎಳೆದವರು ಯಾರು?

ಸೆಪ್ಟೆಂಬರ್ 29, ಸೋಮವಾರ

ತಮ್ಮನಿಗೆ ಫೋನು ಮಾಡಿದೆ. ಮೊದಲು ನನ್ನ ಸುಳ್ಳುಗಳನ್ನೆಲ್ಲ ಒಪ್ಪಿಕೊಂಡೆ: ಪೈಪು, ಸೀಟು, ಶೂ. ಅವನು ನಕ್ಕ. "ನಂಗೊತ್ತು ಅಕ್ಕಾ. ಮಲಗಿರ್ತಾನೆ ಅಂದಾಗಲೇ ಗೊತ್ತಾಯ್ತು. ಅವನು ಹಗಲು ಮಲಗಿದ್ದನ್ನ ನಾನು ನೋಡೇ ಇಲ್ಲ."

ಆಮೇಲೆ ಇಪ್ಪತ್ತಕ್ಕೆ ಇಪ್ಪತ್ತು ಹೇಳಿದೆ. ನಗು ನಿಂತಿತು.

"ಅವನು ಎಳೆದಿಲ್ಲ, ಅಲ್ವಾ?"

ಅವನ ಹಿಂದೆ ಆಸ್ಪತ್ರೆಯ ಸದ್ದು. ಯಾರೋ ಸ್ಟೀಲಿನ ತಟ್ಟೆ ಜೋಡಿಸುತ್ತಿದ್ದರು.

"ಇಲ್ಲ ಅಕ್ಕಾ. ನಾನೇ ಬೆಣೆ ಕೊಟ್ಟಿರಲಿಲ್ಲ. ಒಂದು ಕಡೆ ಕೊಟ್ಟೆ, ಇನ್ನೊಂದು ಕಡೆ ಕೊಡೋಕೆ ಬಗ್ಗಿದೆ… ಮರೆತೆ."

"ನೀನು ಮರೆಯೋನಲ್ಲ. ಇಪ್ಪತ್ತು ವರ್ಷದ ಕೆಲಸ."

"ಬಿಡು ಅಕ್ಕಾ."

"ಯಾಕೆ ಮರೆತೆ?"

"ಕೈಯಲ್ಲಿ ಫೋನಿತ್ತು."

ಗರಗಸದ ಹತ್ತಿರ ಫೋನು ಹಿಡಿದರೆ ಮಿಲ್ಲಿನಿಂದ ಹೊರಗೆ. ಅದಕ್ಕೇ ಎಲ್ಲರೂ ನಾಯಿಯ ಕಡೆ ಬೊಟ್ಟು ಮಾಡಿದಾಗ ಇವನು ಬಾಯಿ ಬಿಡಲಿಲ್ಲ.

"ಮಧ್ಯಾಹ್ನ ಊಟದ ಮೇಲೆ ಅಂದಿದ್ದೆಯಲ್ಲ?"

"ನರ್ಸ್ ಬಂದ್ರು ಅಕ್ಕಾ, ಇಡ್ತೀನಿ" ಅಂದ.

ಸೆಪ್ಟೆಂಬರ್ 30, ಮಂಗಳವಾರ

ನನ್ನ ಫೋನಿನಲ್ಲಿ ಆ ಕರೆ ಇನ್ನೂ ಇದೆ. ಶನಿವಾರ, ಹತ್ತು ಗಂಟೆ ಮೂವತ್ತೊಂದು ನಿಮಿಷ. ಒಂಬತ್ತು ನಿಮಿಷ ಮಾತಾಡಿದ್ದೇನೆ, ಲೈನು ಕಟ್ಟಾಗುವವರೆಗೆ.

ಅಕ್ಟೋಬರ್ 3, ಶುಕ್ರವಾರ

ಎರಡು ದಿನ ಬರೆಯಲಿಲ್ಲ. ನಡೆದೆವು. ಬೆಳಿಗ್ಗೆ ಹೊರಟರೆ ಊರಿನ ಕೊನೆಯ ಸೇತುವೆಯವರೆಗೆ, ಮೇಸ್ತ್ರಿ ಮುಂದೆ, ನಾನು ಹಿಂದೆ.

ಇವತ್ತು ಹಾಲು ಕೊಡಲು ಹೋದಾಗ ಟೀಚರ್, "ಕೂತ್ಕೊಳ್ಳಿ. ಮೂರು ದಿನದಿಂದ ನಿಮ್ಮ ಮುಖ ನೋಡೋ ಹಾಗಿಲ್ಲ" ಅಂದರು. ಹೇಳಬಾರದೆಂದೇ ಇದ್ದೆ. ಎಲ್ಲ ಹೇಳಿದೆ. ನನ್ನ ಅಳಲು ತೋಡಿಕೊಳ್ಳಲು ಅವನ ಕಾಲು ಮುರಿದೆ ಎಂದೆ. ಅತ್ತುಬಿಟ್ಟೆ.

ಅವರು ಸಮಾಧಾನ ಮಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಫೋನು ನೀವು ಮಾಡಿದ್ದು. ತೆಗೆದವನು ಅವನು. ಬೆಣೆ ಕೊಡದೆ ಇದ್ದವನೂ ಅವನೇ. ನಿಮ್ಮ ಪಾಲು ಎಷ್ಟೋ ಅಷ್ಟೇ ತಗೊಳ್ಳಿ. ಎಲ್ಲಾ ಬಾಚಿಕೊಂಡರೆ ಲೆಕ್ಕ ತಪ್ಪುತ್ತೆ." ಆಮೇಲೆ ಬಾಗಿಲ ಕಡೆ ತೋರಿಸಿದರು. "ಏನೂ ಪಾಲಿಲ್ಲದವನು ಅಲ್ಲಿ ನಿಂತಿದ್ದಾನೆ ನೋಡಿ."

ಮೇಸ್ತ್ರಿ ಹೊಸ್ತಿಲಾಚೆ ನಿಂತಿದ್ದ. ಬಾಯಲ್ಲಿ ಬೆಣೆ. ಒಳಗೆ ಬರಲಿಲ್ಲ. ಹೊಸ್ತಿಲ ಮೇಲೆ ಇಟ್ಟು ಇಳಿದು ಹೋದ.

"ನಾಲ್ಕು ದಿನದಿಂದ ಹೀಗೇ" ಅಂದರು ಟೀಚರ್. "ದಿನಕ್ಕೊಂದು ತಂದಿಡ್ತಾನೆ. ಸಂಜೆ ನಾನು ಮೇಲಿಂದ ಕೆಳಗೆ ಎಸೀತೀನಿ. ಎಸೆದರೆ ಕೋಪ ಬರುತ್ತೆ ಅವನಿಗೆ. ಕೈಯಲ್ಲೇ ಕೊಡಬೇಕಂತೆ!"

ಶೂ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಅಕ್ಟೋಬರ್ 9, ಗುರುವಾರ

ಏಳು ಪೆಟ್ಟಿಗೆ ಬಿಚ್ಚಾಯಿತು. ಗಾಡಿ ತುಂಬಿಸುವುದು, ಬೆಣೆ ಕೊಡುವುದು, ಒಳಗೆ ಸಾಗಿಸುವುದು. ಅವನಿಗೂ ಬಿಡುವಿಲ್ಲ, ನನಗೂ. ಮರಳಿನ ಮೂಲೆಯಲ್ಲಿ ಅವನು ತೋಡಿದ ಗುಂಡಿಯಲ್ಲಿ ನನ್ನ ಕನ್ನಡಕದ ಪೆಟ್ಟಿಗೆ ಸಿಕ್ಕಿತು. ಗೇಟಿನ ಕೆಳಪಟ್ಟಿ ಇವತ್ತು ಮತ್ತೆ ನಾಲ್ಕಂಗುಲ ಹೋಗಿದೆ. ಸಂಜೆ ತಲೆನೋವೆಂದು ನಡಿಗೆ ತಪ್ಪಿಸಿದ್ದೆ. ತಪ್ಪು ನನ್ನದು.

ಟೀಚರಿಗೆ ಎರಡು ಪುಸ್ತಕ ಕೊಟ್ಟೆ. "ಪದ್ಯ ನಂಗೆ ತಿಳಿಯಲ್ಲ ಕಣಮ್ಮಾ, ನೀನೇ ಓದು" ಅಂದರು. ಓದಿದೆ. ಪೂರ್ತಿ ಹದಿನೆಂಟು ಪುಟ.

ಅಕ್ಟೋಬರ್ 13, ಸೋಮವಾರ

ನನ್ನ ತಮ್ಮ ಮಿಲ್ಲಿನ ಓನರಿಗೆ ಫೋನು ಮಾಡಿ ನಿಜ ಹೇಳಿಬಿಟ್ಟನಂತೆ. ನಾನು ಹೇಳು ಅಂದಿರಲಿಲ್ಲ. ಹೇಳಬೇಡ ಅಂತಲೂ ಅಂದಿರಲಿಲ್ಲ. "ಇಪ್ಪತ್ತಕ್ಕೆ ಇಪ್ಪತ್ತು ಅಂದೆಯಲ್ಲ, ಆಮೇಲೆ ಅವನ ಮುಖ ಕಣ್ಮುಂದೆ ಬರ್ತಾನೇ ಇತ್ತು" ಅಂದ. ಗರಗಸದ ಕೆಲಸ ಹೋಯಿತು. ಬೇಕಾದರೆ ಗೇಟಿನಲ್ಲಿ ಕೂತು 'ಒಳಗೆ–ಹೊರಗೆ' ಬರೆದುಕೊಳ್ಳಲಿ ಅಂದಿದ್ದಾರೆ. ನಾಯಿ ಮಾತ್ರ ಬೇಡವೇ ಬೇಡವಂತೆ, ಯಾವ ನಾಯಿಯೂ.

"ನನ್ನದು ಹೇಗೋ ಆಗುತ್ತೆ. ಅವನಿಗೆ ಜಾಗ?" ಅಂದ.

ಶೂ ಮುದುಕ ಶನಿವಾರ ತಲುಪಿಸುತ್ತಾನಂತೆ. ಡ್ರೈವರನಿಗೂ ಶನಿವಾರವೇ ಬಂದು ಅವನನ್ನು ಕ್ವಾರಿಗೆ ಒಯ್ಯಲು ಹೇಳಿದೆ. ಮಾತು ಮಾತೇ.

ಅಕ್ಟೋಬರ್ 17, ಶುಕ್ರವಾರ

ಹನ್ನೊಂದನೆಯ ಪೆಟ್ಟಿಗೆ ಬಿಚ್ಚಲಿಲ್ಲ. ಬಿಚ್ಚಿದರೆ ಅವನಿಗೆ ಕೆಲಸ ಮುಗಿಯುತ್ತದೆ.

ಅಕ್ಟೋಬರ್ 18, ಶನಿವಾರ

ಹತ್ತು ಗಂಟೆಗೆ ಶೂ ಬಂತು. ಹತ್ತೂಕಾಲಿಗೆ ಲಾರಿ ಬಂತು. ಡ್ರೈವರ್ ಗೇಟಿನಾಚೆ ಎಂಜಿನ್ ಆರಿಸದೆ ನಿಲ್ಲಿಸಿಕೊಂಡ. ಸೀಟಿನ ಮೇಲೆ ಸುರುಳಿ ಸುತ್ತಿದ ಸರಪಳಿ.

ಮೇಸ್ತ್ರಿಯ ಆರು ಬೆಣೆಗಳನ್ನು ಒಂದು ಬಟ್ಟೆಯ ಚೀಲಕ್ಕೆ ಹಾಕಿದ್ದೆ. ಕ್ವಾರಿಯವರು ಕೊಡುತ್ತಾರೋ ಇಲ್ಲವೋ.

ಆಗ ಮೇಲೆ ಬಾಗಿಲ ಸದ್ದು. ಟಕ್–ಟುಕ್. ಒಂದು ತಿಂಗಳ ಮೇಲೆ ಮೊದಲ ಸಲ. ಮೇಸ್ತ್ರಿ ಎದ್ದು ಮೆಟ್ಟಿಲು ಹತ್ತಿದ. ನಾನು ಕೂಗಲು ಬಾಯಿ ತೆರೆದೆ. ಟೀಚರ್ ಬೆರಳೆತ್ತಿ ಬೇಡ ಅಂದರು. ಅವರು ಒಂದೊಂದೇ ಮೆಟ್ಟಿಲು ಇಳಿದರು. ಅವನು ಪಕ್ಕದಲ್ಲಿ, ತಲೆ ತಗ್ಗಿಸಿ, ಆ ಹೊಸ ಕರಿ ಶೂಗಳನ್ನೇ ನೋಡುತ್ತ ಇಳಿದ. ಮುಟ್ಟಲಿಲ್ಲ. ಕೆಳಗಿನಿಂದ ನಾಲ್ಕನೆಯ ಮೆಟ್ಟಿಲ ಮೇಲೆ ಟೀಚರ್ ಕೂತರು. ಬಗ್ಗಿ ಲೇಸು ಬಿಚ್ಚತೊಡಗಿದರು.

"ಬೇಡ ಟೀಚರ್" ಅಂದೆ.

"ಪರೀಕ್ಷೆ ಮಾಡದೆ ನಾನು ಯಾರನ್ನೂ ಪಾಸ್ ಮಾಡಿದೋಳಲ್ಲ."

ದಪ್ಪ ಅಟ್ಟೆಯ ಶೂ ತೆಗೆದು ಪಕ್ಕದಲ್ಲಿ, ಮೆಟ್ಟಿಲ ಮೇಲೆ ಇಟ್ಟರು. ಬರಿಗಾಲನ್ನು ಇನ್ನೊಂದರ ಮೇಲೆ ಹಾಕಿಕೊಂಡು ಕೂತರು.

ಮೇಸ್ತ್ರಿ ಅವರ ಕಾಲು ನೋಡಿದ. ಶೂ ನೋಡಿದ. ಭಾರ ಇಳಿದಿತ್ತು. ಬಾಯಿ ತೆರೆದು ಎತ್ತಿಕೊಂಡ.

"ಹೋಯ್ತು" ಅಂದ ಡ್ರೈವರ್.

ಓಡಿ ಹೋಗಿ ಕಿತ್ತುಕೊಳ್ಳಬೇಕೆಂದು ನನ್ನ ಮೈಯೆಲ್ಲ ತುಡಿಯಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತೆ. ಅವನು ಅಂಗಳಕ್ಕಿಳಿದು, ಮರಳಿನ ಗುಂಡಿಯ ಹತ್ತಿರ ಒಂದು ಗಳಿಗೆ ನಿಂತ. ಮತ್ತೆ ನಡೆದ. ನೇರ ಬಂದು ಶೂವನ್ನು ನನ್ನ ಪಾದದ ಮೇಲೆ ಇಟ್ಟು, ಕೂತು, ಮುಂದಿನದೆಲ್ಲಿ ಎಂಬಂತೆ ಮುಖ ನೋಡಿದ.

ಸೆರಗಿನಲ್ಲಿ ಒರೆಸಿ ಟೀಚರಿಗೆ ಕೊಟ್ಟೆ. ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಉತ್ತರಪತ್ರಿಕೆಯ ಹಾಗೆ ತಿರುಗಿಸಿ ಮುರುಗಿಸಿ ನೋಡಿದರು.

"ಎಂಜಲಿದೆ" ಅಂದರು. "ಹಲ್ಲಿನ ಗುರುತಿಲ್ಲ."

ಶೂ ಹಾಕಿಕೊಂಡು, ಲೇಸು ಕಟ್ಟಿಕೊಂಡು, ಎದ್ದರು. ಗೇಟಿನ ಕಡೆ ತಿರುಗಿ, "ನೋಡಪ್ಪಾ, ಲಾರಿ ತಿರುಗಿಸ್ಕೊಂಡು ಹೋಗು. ಗೇಟಿಗೆ ತಾಗಿಸ್ಬೇಡ. ಅದರಲ್ಲಿ ಉಳಿದಿರೋದೇ ಸ್ವಲ್ಪ" ಅಂದರು.

ಅಕ್ಟೋಬರ್ 20, ಸೋಮವಾರ

ತಮ್ಮ ಊರುಗೋಲು ಹಿಡಿದು ಹತ್ತು ಹೆಜ್ಜೆ ಹಾಕಿದನಂತೆ. ಊರುಗೋಲು ಮರದ್ದು. ಬಂದಾಗ ಅದನ್ನು ಕೆಳಗಿಟ್ಟು ಕೂರುವ ಮುಂಚೆ ಯೋಚನೆ ಮಾಡು ಅಂದೆ. ತುಂಬ ನಕ್ಕ, ನಗುವಾಗ ಕಾಲು ನೋಯುತ್ತದೆ ಅಂತ ಬೈದ. ಆ ಒಂಬತ್ತು ನಿಮಿಷದ ಮಾತು ಇನ್ನೂ ಆಡಿಲ್ಲ. ಬಂದ ಮೇಲೆ ಆಡುತ್ತೇನೆ.

ಹನ್ನೊಂದನೆಯ ಪೆಟ್ಟಿಗೆಯೂ ಬಿಚ್ಚಾಯಿತು. ಗಾಡಿಯನ್ನು ಜಗಲಿಯಲ್ಲೇ ಬಿಟ್ಟಿದ್ದೇನೆ, ಟೀಚರಿಗೆ ತಗೊಳ್ಳಲು ಸುಲಭವಾಗಲಿ ಅಂತ. ಗೇಟಿನ ಪಟ್ಟಿ ಹಾಕಲು ಬಂದ ಬಡಗಿ, "ಇದ್ರಲ್ಲಿ ನಮ್ಮಂಥೋರು ಓದೋದು ಯಾವುದು?" ಎಂದು ಕೇಳಿ ಒಂದು ಒಯ್ದ. ನಾಳೆ ಹೇಗಿತ್ತೆಂದು ಕೇಳಬೇಕು. ಬೆಳಿಗ್ಗೆ ಸೇತುವೆಯವರೆಗೆ ಹೋಗಿಬರಬೇಕು, ಟೀಚರ್ ಅರ್ಧ ದಾರಿ ಬರುತ್ತಾರಂತೆ. ಪೈಪು ತರಬೇಕು.

ಇದನ್ನೆಲ್ಲ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಇನ್ನೂ ಬೆಳಕಿದೆ. ಮೇಸ್ತ್ರಿ ಎದುರಿಗೆ ಕೂತು ಬಹಳ ಹೊತ್ತಿನಿಂದ ನನ್ನ ಕೈಯಲ್ಲಿರುವ ಪೆನ್ಸಿಲನ್ನೇ ನೋಡುತ್ತಿದ್ದಾನೆ. ಬರೆಯುತ್ತಿರುವ ತನಕ ಮುಟ್ಟುವುದಿಲ್ಲ. ಕೆಳಗಿಡಲಿ ಎಂದು ಕಾಯುತ್ತಿದ್ದಾನೆ.

ಇಡುತ್ತೇನೆ.